ಗೋಡೆಯಾಚೆ ಓಡಿದ ಬಿದಿರು

ಹಾರೋಹಳ್ಳಿ
12 ಜುಲೈ 2002

ಪ್ರೀತಿಯ ಖುರ್ಷಿದಾ,

ನೀನು ಹೋಗಿ ಒಂದು ತಿಂಗಳು ನಾಲ್ಕು ದಿನವಾಯಿತು. ಭಿವಂಡಿ ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಲ್ಲಿ ಕೈಬೀಸಿದವಳು ಇನ್ನೂ ಒಂದು ಕಾರ್ಡೂ ಹಾಕಿಲ್ಲ. ಹೈಸ್ಕೂಲಿನಲ್ಲಿ ನಾನು ಒಂದು ದಿನ ಜ್ವರ ಬಂದು ಮಲಗಿದರೆ ಸಂಜೆಯೊಳಗೆ ಚೀಟಿ ಕಳಿಸುತ್ತಿದ್ದವಳು ನೀನೇ ತಾನೆ? ಹೋಗಲಿ, ನಾನೇ ಸೋತು ಮೊದಲು ಬರೆಯುತ್ತಿದ್ದೇನೆ.

ನಿನ್ನ ಮನೆಯ ಬೀಗದ ಕೈ ನಮ್ಮ ದೇವರ ಗೂಡಿನಲ್ಲಿದೆ. ನೀನು ಹೇಳಿದಂತೆ ಪ್ರತಿ ಗುರುವಾರ ಸಂಜೆ ಬಾಗಿಲು ತೆಗೆದು, ಗುಡಿಸಿ, ನಾಲ್ಕು ಮೂಲೆಗೂ ಲೋಬಾನದ ಹೊಗೆ ತೋರಿಸಿ ಬರುತ್ತಿದ್ದೇನೆ. ವಾರಕ್ಕೊಮ್ಮೆಯಾದರೂ ಹೊಗೆ ಕಾಣದ ಮನೆ ಮನೆಯಾಗಿ ಉಳಿಯುವುದಿಲ್ಲ ಎಂದು ನಿನ್ನ ಅಮ್ಮಿ ಹೇಳುತ್ತಿದ್ದರಲ್ಲ, ಅದು ನನಗೂ ನೆನಪಿದೆ. ಮಕ್ಬೂಲಣ್ಣನ ರೇಷ್ಮೆ ಚರಕ ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿದೆ. ಜೈನಬ್ ಚಿಕ್ಕಂದಿನಲ್ಲಿ ಗೋಡೆಗೆ ಬರೆದ ಮಗ್ಗಿಯನ್ನು ನಾನು ಅಳಿಸಿಲ್ಲ.

ಈಗ ನನ್ನ ಗೋಳು ಕೇಳು. ನಮ್ಮಿಬ್ಬರ ಹಿತ್ತಲ ಹಿಂದೆ, ನೀನಿದ್ದಾಗಲೇ ಶೆಡ್ ಎದ್ದಿತ್ತಲ್ಲ, ಅಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಯಂತ್ರ ಶುರುವಾಗಿದೆ. ಮೊದಲ ದಿನ ನಾನು ಒಣಹಾಕಿದ್ದ ಕೆಂಪು ಸೀರೆಯನ್ನು ಸಂಜೆ ತರಲು ಹೋದರೆ ತಂತಿಯ ಮೇಲೆ ಬಿಳೀ ಸೀರೆ ಇದೆ. ಯಾರೋ ಅದಲುಬದಲು ಮಾಡಿದರು ಎಂದು ಬೀದಿಯಲ್ಲೆಲ್ಲ ಕೇಳಿಕೊಂಡು ಬಂದೆ. ಕೊಡವಿದರೆ ಒಂದು ಸೇರು ಧೂಳು. ಮುದ್ದೆ ಉಂಡರೆ ಹಲ್ಲಿಗೆ ಕಲ್ಲು ಸಿಕ್ಕಿದಂತಾಗುತ್ತದೆ.

ಅದಕ್ಕೆ ನಮ್ಮ ಯಜಮಾನರು ಒಂದು ಉಪಾಯ ಮಾಡಿದ್ದಾರೆ. ಬಿಡದಿಯ ಕಂಪನಿ ತೋಟದಲ್ಲಿ ಅವರು ಮಾಲಿ ಕೆಲಸಕ್ಕೆ ಸೇರಿದ್ದು ಗೊತ್ತಲ್ಲ. ಅಲ್ಲಿ ಹಳದಿ ಕಾಂಡದ ಬಿದಿರಿದೆಯಂತೆ. ಅಗೆದು ಎಸೆಯಲು ಇಟ್ಟಿದ್ದ ನಾಲ್ಕು ಬೇರಿನ ತುಂಡನ್ನು ಚೀಲದಲ್ಲಿ ತಂದು, ನಮ್ಮ ಬಚ್ಚಲ ನೀರು ಹೋಗುವ ಕಡೆ, ನಿನ್ನ ಮನೆ ಗೋಡೆಯ ಬುಡದಲ್ಲೇ ಸಾಲಾಗಿ ನೆಟ್ಟರು. "ಇದು ನಮ್ ಬಿದ್ರಲ್ಲ ಕಣೆ, ಫಾರಿನ್ನು. ಎಲ್ಡ್ ವರ್ಸಕ್ಕೆ ಗೋಡೆ ಕಟ್ದಂಗೆ ನಿಂತ್ಕತದೆ, ಒಂದು ಚಿಟಿಕೆ ಧೂಳು ಒಳಿಕ್ ಬರಾಕಿಲ್ಲ" ಎಂದರು. ನಮ್ಮ ಅತ್ತೆ ಜಗಲಿಯಿಂದಲೇ ಗೊಣಗಿದರು. "ಬಿದ್ರು ಕಾಡಲ್ಲಿರ್ಬೇಕು ಕಣ್ಲಾ ಮಗ. ಮನೆಗೆ ಬಂದ್ರೆ ಮೊರಾಗಿ ಬರ್ಲಿ, ಬುಟ್ಟಿಯಾಗಿ ಬರ್ಲಿ. ಬೇರ್ ಸಮೇತ ಬರ್ಬಾರ್ದು." ಅತ್ತೆ ಎಲ್ಲದಕ್ಕೂ ಹೀಗೇ. ನಮ್ಮ ಕಡೆಯ ಬಿದಿರು ನಿಂತಲ್ಲೇ ಮೆಳೆ ಕಟ್ಟಿಕೊಂಡು ಇರುತ್ತದಪ್ಪ, ಯಾರ ತಂಟೆಗೂ ಹೋಗುವುದಿಲ್ಲ.

ನಿನ್ನ ಗೋಡೆಗೂ ನೆರಳಾಗುತ್ತದೆ. ಬೇಡವೆಂದರೆ ಈಗಲೇ ಬರೆ.

ನಿನ್ನ
ಲತಾಮಣಿ


ಭಿವಂಡಿ
3 ಆಗಸ್ಟ್ 2002

ಲತಾ,

ಬೈಯಬೇಡ. ಬಂದ ದಿನದಿಂದ ಬರೆಯಲು ಕೂತುಕೊಳ್ಳುವ ಜಾಗವೇ ಸಿಕ್ಕಿಲ್ಲ. ಹತ್ತಡಿಗೆ ಹತ್ತಡಿ ಒಂದು ಕೋಣೆ, ಮೂರು ಜನ. ಕೆಳಗೆ, ಪಕ್ಕಕ್ಕೆ, ಎದುರಿಗೆ ಎಲ್ಲಾ ಪವರ್‌ಲೂಮ್. ಹಗಲೂ ರಾತ್ರಿ ಟಕಟಕ. ಇಲ್ಲಿ ಎಲ್ಲರೂ ಜಗಳವಾಡುವವರ ಹಾಗೆ ಕೂಗಿಕೊಂಡೇ ಮಾತಾಡುತ್ತಾರೆ. ಮೊದಲ ವಾರ ಅಕ್ಕಪಕ್ಕದವರಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡು ಅತ್ತುಬಿಟ್ಟೆ. ಇವರಿಗೆ ಮಗ್ಗದಲ್ಲಿ ಕೆಲಸ ಸಿಕ್ಕಿದೆ. ಚರಕ ತಿರುಗಿಸಿದ ಕೈಗೆ ಮಗ್ಗ ಒಗ್ಗುತ್ತಿಲ್ಲ, ಆದರೂ ಮಾಡುತ್ತಾರೆ.

ಗುರುವಾರ ಸಂಜೆ ಆರು ಗಂಟೆಗೆ ನಾನು ಇವರಿಗೆ ಹೇಳುತ್ತೇನೆ, ಈಗ ಲತಾ ನಮ್ಮ ಬಾಗಿಲು ತೆಗೆದಳು, ಈಗ ಗುಡಿಸಿದಳು, ಈಗ ಕೆಂಡಕ್ಕೆ ಲೋಬಾನ ಹಾಕಿದಳು ಎಂದು. ಹುಚ್ಚಿ ಎನ್ನುತ್ತಾರೆ. ಆಮೇಲೆ ಅವರೇ, "ಕಿಟಕಿ ಚಿಲಕ ಹಾಕ್ತಾಳೋ ಇಲ್ವೋ" ಎಂದು ಕೇಳುತ್ತಾರೆ.

ಕೆಳಗಿನ ಕಿರಾಣಿ ಅಂಗಡಿಯ ಫೋನ್ ನಂಬರ್ ಹಿಂದೆ ಬರೆದಿದ್ದೇನೆ. ಅವಸರವಿದ್ದರೆ ಮಾತ್ರ ಮಾಡು, ಅಂಗಡಿಯವರೆಲ್ಲ ಕಿವಿ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ಕಾಗದವೇ ನಮಗೆ ವಾಸಿ.

ಬಿದಿರು ನೆಟ್ಟದ್ದಕ್ಕೆ ನನ್ನನ್ನು ಕೇಳುವುದೇನು? ಕೆಂಪರಾಜಣ್ಣ ಕಂಪನಿಯ ಕಸವನ್ನೂ ಬಿಡುವುದಿಲ್ಲ ಎಂದು ಇವರು ನಗುತ್ತಿದ್ದರು. ನೆರಳು ನನ್ನ ಗೋಡೆಗೂ ಬೀಳಲಿ.

ಖುರ್ಷಿದಾ


ಹಾರೋಹಳ್ಳಿ
20 ಏಪ್ರಿಲ್ 2003

ಖುರ್ಷಿದಾ,

ಬಿದಿರು ಆಳೆತ್ತರ ಬಂದಿದೆ. ಬೀದಿಯವರೆಲ್ಲ ನಿಂತು ನೋಡಿ ಹೋಗುತ್ತಾರೆ. ಬೆಳಗಿನ ಬಿಸಿಲಲ್ಲಿ ಬಂಗಾರದ ಕೋಲು ನಿಲ್ಲಿಸಿದ ಹಾಗಿರುತ್ತದೆ. ಧೂಳು ನಿಜವಾಗಿಯೂ ಕಡಿಮೆಯಾಗಿದೆ. ಎಲೆ ಉದುರಿ ಗುಡಿಸುವ ಕೆಲಸ ಹೆಚ್ಚಿದೆ, ಸೊಳ್ಳೆ ಬಂದಿವೆ, ಅಷ್ಟೆ. ಮೂವರಿಗೆ ಬೇರು ಕಿತ್ತುಕೊಟ್ಟೆ, ದೊಡ್ಡ ದಾನಿಯ ಹಾಗೆ.

ನಾನೂ ಕಂಪನಿ ಸೇರಿದೆ. ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಡಬ್ಬ ಪ್ಯಾಕ್ ಮಾಡುವ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ತಲೆಗೆ ಟೋಪಿ, ಬಾಯಿಗೆ ಬಟ್ಟೆ. ನೋಡಿದರೆ ನೀನೂ ನನ್ನ ಗುರುತು ಹಿಡಿಯುವುದಿಲ್ಲ.

ನಿನ್ನ ಮನೆ ಚೆನ್ನಾಗಿದೆ. ಗುರುವಾರದ ಹೊಗೆ ತಪ್ಪಿಸಿಲ್ಲ.

ಲತಾ


ಭಿವಂಡಿ
8 ಡಿಸೆಂಬರ್ 2003

ಲತಾ,

ಜೈನಬ್ ಮದುವೆ ಮುಗಿಯಿತು. ನಿನಗೆ ರಜೆ ಸಿಗಲಿಲ್ಲ, ಗೊತ್ತು. ಆದರೂ ಮೆಹಂದಿ ಹಚ್ಚುವಾಗ ಅವಳು ಎರಡು ಸಲ ಲತಮ್ಮ ಬರಲ್ವಾ ಎಂದು ಕೇಳಿದಳು. ಹುಡುಗ ಮಾತು ಕಡಿಮೆ. ಇಲ್ಲಿಂದ ಎರಡು ಬೀದಿ ಆಚೆ ಮನೆ.

ಕಳಿಸುವ ಮುಂಚೆ ಅವಳಿಗೆ ಒಂದು ಮಾತು ಹೇಳಿದೆ. ಎಲ್ಲಿ ಏನೇ ಆದರೂ ಹಾರೋಹಳ್ಳಿಯಲ್ಲಿ ನಮ್ಮದೊಂದು ಬಾಗಿಲಿದೆ, ಅದರೊಳಗೆ ಲತಾ ಹೊಗೆ ಹಾಕುತ್ತಾಳೆ ಎಂದು. ಅವಳಿಗೂ ಬೀಗದ ಇನ್ನೊಂದು ಕೈ ತೋರಿಸಿದ್ದೇನೆ. ನಗಬೇಡ, ಮಗಳನ್ನು ಕಳಿಸುವ ದಿನ ತಾಯಿಗೆ ಏನೇನೋ ಹೊಳೆಯುತ್ತದೆ.

ಖುರ್ಷಿದಾ


ಹಾರೋಹಳ್ಳಿ
14 ಜುಲೈ 2004

ಖುರ್ಷಿದಾ,

ನಿನಗೆ ಒಂದು ವಿಷಯ ಹೇಳಿದರೆ ನಂಬುವುದಿಲ್ಲ. ಹೋದ ವಾರ ಅತ್ತೆ ಸ್ನಾನಕ್ಕೆ ಕೂತವರು "ಆವು, ಆವು" ಎಂದು ಕಿರುಚಿಕೊಂಡರು. ನಾನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರೆ ನೀರು ಹೋಗುವ ತೂತಿನಿಂದ ಕಂದು ಬಣ್ಣದ ಮೂತಿಯೊಂದು ಗೇಣುದ್ದ ಎದ್ದು ನಿಂತಿದೆ. ಹಾವಲ್ಲ. ಬಿದಿರ ಕಳಲೆ. ಹಿಂದಿನ ದಿನ ಬಚ್ಚಲು ತೊಳೆದವಳು ನಾನೇ, ಅಲ್ಲಿ ಏನೂ ಇರಲಿಲ್ಲ. ಅತ್ತೆಯ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

ಇವರು ಕತ್ತರಿಸಿದರು. ನಾಲ್ಕು ದಿನಕ್ಕೆ ಮೂರು ಎದ್ದವು. ಅಗೆದರೆ ಭೂಮಿಯೊಳಗೆ ಹಗ್ಗ ಎಳೆದ ಹಾಗೆ ಗೆಣ್ಣುಗೆಣ್ಣಿನ ಬೇರು. ಹಿಡಿದು ಎಳೆಯುತ್ತಾ ಹೋದರು. ತುಳಸಿ ಕಟ್ಟೆ ದಾಟಿತು, ನೀರಿನ ತೊಟ್ಟಿಯ ಕೆಳಗೆ ಹೋಯಿತು, ಬೀದಿಯ ಚರಂಡಿಯವರೆಗೂ ಹೋಯಿತು. ಹದಿನೆಂಟು ಅಡಿ ಅಳೆದೆವು, ಇನ್ನೂ ಮುಗಿದಿರಲಿಲ್ಲ. ತೊಟ್ಟಿ ಬಿರುಕು ಬಿಟ್ಟಿದೆ.

ಇವರು ಕಂಪನಿಯ ದೊಡ್ಡ ಮಾಲಿಯನ್ನು ಹೋಗಿ ಕೇಳಿದರಂತೆ. ಅವನು ನಕ್ಕುಬಿಟ್ಟನಂತೆ. "ಅದ್ಕೇ ಅಲ್ವಾ ಅದರ ಸುತ್ತ ಮೂರಡಿ ಆಳಕ್ಕೆ ಕಾಂಕ್ರೀಟ್ ಇಳ್ಸಿರೋದು? ದಿನಾ ಅದರ್ ಮೇಲೇ ಕುಂತ್ಕಂಡು ಬೀಡಿ ಸೇದ್ತೀಯ, ಯಾಕೆ ಅಂತ ಒಂದಿನಾನೂ ಕೇಳ್ಲಿಲ್ವಲ್ಲಯ್ಯ." ಇವರು ಮನೆಗೆ ಬಂದು ಊಟ ಮಾಡದೆ ಮಲಗಿದರು. ಇದು ಮೆಳೆ ಕಟ್ಟುವ ಜಾತಿಯಲ್ಲವಂತೆ. ಓಡುವ ಜಾತಿಯಂತೆ. ಬೇರು ಪಡೆದ ಮೂರು ಮನೆಯವರೂ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ನಿನ್ನ ಕಡೆ ಏನೂ ಇಲ್ಲ, ಹೆದರಬೇಡ. ನಿನ್ನ ಗೋಡೆಯ ಬುಡ ಹಳೇ ಕಾಲದ ದಪ್ಪ ಕಲ್ಲು. ಗುರುವಾರ ಹೋಗಿ ಬರುತ್ತಲೇ ಇದ್ದೇನೆ.

ಲತಾ


ಭಿವಂಡಿ
2 ಸೆಪ್ಟೆಂಬರ್ 2005

ಲತಾ,

ಜುಲೈ ಕೊನೆಯ ಮಳೆಯ ಸುದ್ದಿ ಪೇಪರಿನಲ್ಲಿ ಓದಿರುತ್ತೀಯ. ನಾವು ಚೆನ್ನಾಗಿದ್ದೇವೆ. ಸ್ವಲ್ಪ ನೀರು ಬಂದಿತ್ತು, ಹೋಯಿತು. ಇವರ ಮಗ್ಗ ಸದ್ಯಕ್ಕೆ ನಿಂತಿದೆ, ಮತ್ತೆ ಶುರುವಾಗಬಹುದು. ಕೆಳಗಿನ ಅಂಗಡಿ ಮುಚ್ಚಿತು, ಆ ನಂಬರಿಗೆ ಫೋನ್ ಮಾಡಬೇಡ.

ಜೈನಬ್‌ಗೆ ಹೆಣ್ಣು ಮಗು. ಫಿರೋಜಾ ಎಂದು ಹೆಸರಿಟ್ಟಿದ್ದೇವೆ. ಅಳಿಯ ದುಬೈಗೆ ಕೆಲಸಕ್ಕೆ ಹೋಗಿದ್ದಾನೆ, ಅದಕ್ಕೆ ತಾಯಿಮಗು ನಮ್ಮ ಜೊತೆಗೇ ಇದ್ದಾರೆ. ನಾಲ್ಕು ದಿನ ಇರಲಿ ಎಂದು ನಾನೇ ಇಟ್ಟುಕೊಂಡಿದ್ದೇನೆ.

ನಮ್ಮ ಮನೆಯ ಹೆಂಚು ಈ ವರ್ಷ ಸೋರಲಿಲ್ಲ ತಾನೆ? ಒಲೆಯ ಪಕ್ಕದ ಗೂಡಿನಲ್ಲಿ ಗೆದ್ದಲು ಇದೆಯೇ ನೋಡಿ ಬರೆ. ಹಾಗೇ ಸುಮ್ಮನೆ ಕೇಳಿದೆ.

ಖುರ್ಷಿದಾ


ಹಾರೋಹಳ್ಳಿ
18 ಅಕ್ಟೋಬರ್ 2005

ಖುರ್ಷಿದಾ,

ಫಿರೋಜಾಳಿಗೆ ನನ್ನ ಮುತ್ತು. ಅಳಿಯ ದುಬೈಗೆ ಹೋದದ್ದು ಸಂತೋಷ. ಇನ್ನು ನಿನ್ನ ಕಷ್ಟ ಕಳೆಯಿತು ಬಿಡು, ನೀನು ಈ ಹಳೇ ಹೆಂಚಿನ ಮನೆಯ ಚಿಂತೆ ಮಾಡುವುದೇನು.

ಮನೆ ಹಾಗೇ ಇದೆ. ಕೆಲಸ ಜಾಸ್ತಿ, ಹೆಚ್ಚು ಬರೆಯಲಾರೆ.

ಲತಾ


ಭಿವಂಡಿ
9 ಜೂನ್ 2006

ಲತಾ,

ಎಂಟು ತಿಂಗಳಿಂದ ನಿನ್ನಿಂದ ಕಾಗದವಿಲ್ಲ. ನಾನೂ ಬರೆಯಲಿಲ್ಲ, ಬರೆದರೆ ನಿಜ ಬರೆಯಬೇಕಾಗುತ್ತಿತ್ತು. ಇವತ್ತು ಬರೆಯುತ್ತೇನೆ.

ಅಳಿಯ ದುಬೈಗೆ ಹೋಗಿಲ್ಲ. ಎರಡು ಬೀದಿ ಆಚೆಯೇ ಇದ್ದಾನೆ, ಇನ್ನೊಬ್ಬಳ ಜೊತೆ. ಜೈನಬ್ ಬಸುರಿಯಿದ್ದಾಗಲೇ ಹೊರಗೆ ಹಾಕಿದ. ಮಳೆಯಲ್ಲಿ ಮಗ್ಗವೂ ಹೋಯಿತು. ಹತ್ತಡಿ ಕೋಣೆಯಲ್ಲಿ ನಾಲ್ಕು ಜೀವ, ಇವರಿಗೆ ಉಬ್ಬಸ. ನಿನಗೆ ಹೇಳಲು ನಾಚಿಕೆಯಾಯಿತು. ಮದುವೆ ಮುಗಿಯಿತು, ಅಳಿಯ ದುಬೈಗೆ ಹೋದ ಎಂದೆಲ್ಲ ಬರೆದಿದ್ದೆನಲ್ಲ.

ಜೈನಬ್ ಒಂದೇ ಹಟ ಹಿಡಿದಿದ್ದಾಳೆ. ಊರಿಗೆ ಹೋಗುತ್ತೇನೆ, ನಮ್ಮ ಮನೆಯಲ್ಲಿರುತ್ತೇನೆ, ಲತಮ್ಮನ ಹಾಗೆ ಕಂಪನಿಗೆ ಸೇರುತ್ತೇನೆ ಎಂದು. ನಮಗೆ ಇನ್ನು ಉಳಿದಿರುವುದು ಆ ಮನೆ ಒಂದೇ. ಬಾಗಿಲು ತೆಗೆದು ಒಲೆ ಹಚ್ಚಿದರೆ ಸಾಕು, ಅವಳು ಬದುಕಿಕೊಳ್ಳುತ್ತಾಳೆ. ಜುಲೈ ಮೊದಲ ವಾರ ಕಳಿಸುತ್ತೇನೆ. ಒಂದು ಸಲ ಸಗಣಿ ನೀರು ಚಿಮುಕಿಸಿ ಗುಡಿಸಿಡು, ಅಷ್ಟೇ ಸಾಕು.

ಖುರ್ಷಿದಾ


ಹಾರೋಹಳ್ಳಿ
16 ಜೂನ್ 2006

ಖುರ್ಷಿದಾ,

ಜೈನಬ್‌ಳನ್ನು ಕಳಿಸಬೇಡ. ಈ ಕಾಗದ ಪೂರ್ತಿ ಓದುವ ಮುಂಚೆಯೇ ಅವಳಿಗೆ ಹೇಳು, ಹೊರಡಬೇಡ ಎಂದು. ನಿನ್ನ ಹಳೇ ನಂಬರಿಗೆ ಬೂತಿನಿಂದ ಏಳು ಸಲ ಪ್ರಯತ್ನಿಸಿದೆ.

ನಾನು ನಿನಗೆ ಸುಳ್ಳು ಬರೆದೆ. ಮೊದಲ ವರ್ಷ ಮಾತ್ರ ಗುರುವಾರ ತಪ್ಪಿಸಲಿಲ್ಲ. ಕಂಪನಿ ಸೇರಿದ ಮೇಲೆ ಗುರುವಾರ ಭಾನುವಾರವಾಯಿತು, ಆಮೇಲೆ ತಿಂಗಳಿಗೊಮ್ಮೆಯಾಯಿತು. ನಮ್ಮ ಬಚ್ಚಲಲ್ಲಿ ಕಳಲೆ ಎದ್ದಿತಲ್ಲ, ಅದಾದ ಮೇಲೆ ನಿನ್ನ ಬಾಗಿಲನ್ನೇ ತೆಗೆಯಲಿಲ್ಲ. ಸಮಯವಿರಲಿಲ್ಲ ಎಂದು ಹೇಳಬಹುದು. ಅದೂ ಸುಳ್ಳು. ತೆಗೆದು ನೋಡಿದರೆ ನಿನಗೆ ಬರೆಯಬೇಕಾಗುತ್ತಿತ್ತು. ನೋಡದೇ ಇದ್ದರೆ ಮನೆ ಹಾಗೇ ಇದೆ ಎಂದು ಬರೆಯುವುದು ಸುಳ್ಳಲ್ಲ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಒಂದೂವರೆ ವರ್ಷಕ್ಕೂ ಮೇಲೆ ಕಳೆದೆ.

ಈ ಸಲ ಯುಗಾದಿ ಕಳೆದ ಮೇಲೆ ಮನಸ್ಸು ತಡೆಯದೆ ಬೀಗ ತೆಗೆದೆ. ಬಾಗಿಲು ತಳ್ಳಿದರೆ ಒಳಗಿನಿಂದ ಯಾರೋ ತಳ್ಳಿ ಹಿಡಿದ ಹಾಗಾಯಿತು. ಇವರು ಬಂದು ಹೆಗಲು ಕೊಟ್ಟು ನೂಕಿದರು.

ಒಳಗೆ ಬಿದಿರು ನಿಂತಿತ್ತು, ಖುರ್ಷಿದಾ. ನಿನ್ನ ಮನೆಯೊಳಗೆ. ಗಾಜಿನ ಹೆಂಚಿನ ಬೆಳಕಿಗೆ ಮುಖ ಮಾಡಿ, ಬಿಳಿಚಿಕೊಂಡು, ಮೂವತ್ತೋ ನಲವತ್ತೋ. ನೀನು ದಿನಾ ಉಜ್ಜಿ ಹೊಳಪು ಬರಿಸಿದ ಕೆಂಪು ನೆಲ ಹಪ್ಪಳದ ಹಾಗೆ ಒಡೆದು ಎದ್ದಿತ್ತು. ಮಕ್ಬೂಲಣ್ಣನ ಚರಕ ನೆಲದ ಮೇಲಿರಲಿಲ್ಲ. ಎರಡು ಬಿದಿರು ಅದರ ಚಕ್ರದೊಳಗೆ ನುಗ್ಗಿ ಅದನ್ನು ಸೊಂಟದೆತ್ತರಕ್ಕೆ ಎತ್ತಿ ಹಿಡಿದಿದ್ದವು. ಒಲೆ ಎರಡು ಹೋಳಾಗಿತ್ತು. ಮೇಲೆ ಹೆಂಚು ಸರಿದು ಆಕಾಶ ಕಾಣುತ್ತಿತ್ತು. ನಮ್ಮ ಕಡೆಯ ಗೋಡೆ, ಜೈನಬ್ ಮಗ್ಗಿ ಬರೆದ ಗೋಡೆ, ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದೆ. ಇವರು ತಲೆಯ ಮೇಲೆ ಕೈ ಹೊತ್ತು "ನಾನೇನ್ ಮಾಡ್ಬುಟ್ಟೆ, ನಾನೇನ್ ಮಾಡ್ಬುಟ್ಟೆ" ಎಂದು ಅದನ್ನೇ ಹೇಳುತ್ತಾ ನಿಂತರು.

ಆಗಲೂ ನಿನಗೆ ಬರೆಯಲಿಲ್ಲ. ಕಡಿದು, ನೆಲ ಹಾಕಿಸಿ, ಎಲ್ಲ ಸರಿಮಾಡಿ ಆಮೇಲೆ ಹೇಳೋಣ ಎಂದುಕೊಂಡೆವು. ಮಚ್ಚಿನಲ್ಲಿ ಬುಡಕ್ಕೇ ಕಡಿದೆವು. ಸುಣ್ಣ ಸುರಿದೆವು, ಕುದಿಯುವ ನೀರು ಹೊಯ್ದೆವು. ಮೊದಲ ಮಳೆಗೆ ಮತ್ತೆ ಎದ್ದವು, ಮತ್ತೆ ಕಡಿದೆವು. ಕಿಟಕಿಯಿಂದ ಯಾರಾದರೂ ಇಣುಕಿದರೆ ಕಾಣದಿರಲಿ ಎಂದು ಮೇಲೆ ಚಾಪೆ, ಗೋಣಿಚೀಲ ಹಾಸಿದ್ದೇವೆ. ಅಷ್ಟೇ ನಾವು ಮಾಡಿರುವುದು.

ನೀನು ದುಬೈ ಎಂದು ಬರೆದಾಗ, ನಿಮಗೆ ಇನ್ನು ಈ ಮನೆ ಬೇಕಾಗುವುದಿಲ್ಲ ಎಂದು ನನಗೆ ನೆಮ್ಮದಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಜೈನಬ್‌ಳನ್ನು ಈಗ ಕಳಿಸಬೇಡ. ಕಳಿಸುವುದಾದರೆ ನನ್ನ ಮನೆಗೆ ಕಳಿಸು.

ಲತಾಮಣಿ


ಹಾರೋಹಳ್ಳಿ
22 ಜೂನ್ 2006

ಖುರ್ಷಿದಾ,

ಜೈನಬ್ ನಿನ್ನೆ ಬಂದಳು. ನನ್ನ ಕಾಗದ ನಿನ್ನ ಕೈ ಸೇರುವ ಮುಂಚೆಯೇ ಹೊರಟಿದ್ದಾಳೆ. ಮಗು ಫಿರೋಜಾ ಚೆನ್ನಾಗಿದೆ, ಒಂದು ಗೀರೂ ಆಗಿಲ್ಲ. ಇದನ್ನು ಮೊದಲು ಓದಿಕೋ, ಆಮೇಲೆ ಮುಂದಿನದು.

ನಾನು ಬೆಳಗಿನ ಪಾಳಿಯಲ್ಲಿದ್ದೆ. ಇವರು ಬಿಡದಿಗೆ ಹೋಗಿದ್ದರು. ಜಗಲಿಯಲ್ಲಿ ಅತ್ತೆ ಒಬ್ಬರೇ. ಜೈನಬ್ ಮಗು ಎತ್ತಿಕೊಂಡು, ಚೀಲ ಹೊತ್ತು, ನಗುತ್ತಾ ಬಂದಳಂತೆ. "ಅಜ್ಜಿ, ನಾನು ಜೈನಬ್. ಬಾಗಿಲು ತೆಗೆದು ಬಂದು ಮಾತಾಡಿಸ್ತೀನಿ" ಎಂದಳಂತೆ. ಅತ್ತೆ ಕೋಲೂರಿಕೊಂಡು ಏಳುತ್ತಾ "ಒಳಿಕ್ ಹೋಗ್ಬ್ಯಾಡ ಕಣವ್ವ, ನಿಂತ್ಕೋ, ಒಳಿಕ್ ಹೋಗ್ಬ್ಯಾಡ" ಎಂದು ಕೂಗಿಕೊಂಡರಂತೆ. ಕಲ್ಲಿನ ಯಂತ್ರದ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ.

ನೀನು ಕೊಟ್ಟ ಬೀಗದ ಕೈಯಿಂದ ಬಾಗಿಲು ತೆಗೆದು, ಅವಳು ಚಪ್ಪಲಿ ಹೊರಗೆ ಬಿಟ್ಟಳು. ತನ್ನ ಮನೆ ಹೊಸಿಲಿಗೆ ನಾಲ್ಕು ವರ್ಷದ ಮೇಲೆ ಬಂದವಳು ಚಪ್ಪಲಿ ಹಾಕಿಕೊಂಡು ಒಳಗೆ ಹೋಗುತ್ತಾಳೆಯೇ? ಬಿಸ್ಮಿಲ್ಲಾ ಎಂದು ಬಲಗಾಲು ಮೊದಲು ಇಟ್ಟಳು. ಚಾಪೆಯ ಮೇಲೆ ಇಟ್ಟಳು. ಚಾಪೆಯ ಕೆಳಗೆ ನಾವು ಮಚ್ಚಿನಲ್ಲಿ ಓರೆಯಾಗಿ ಕಡಿದ ಬಿದಿರ ಮೋಟು ಇತ್ತು. ಪಾದದ ಕೆಳಗಿಂದ ಹೊಕ್ಕು ಮೇಲೆ ಕಾಣಿಸಿತು. ಬೀಳುವಾಗ ಮಗುವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಮೊಣಕಾಲ ಮೇಲೆ ಬಿದ್ದಿದ್ದಾಳೆ. ಅಲ್ಲೂ ಒಂದು ಮೋಟು.

ಕನಕಪುರದ ಆಸ್ಪತ್ರೆಯಲ್ಲಿದ್ದಾಳೆ. ನಿನ್ನೆಯೇ ಸೀಳಿ ತೆಗೆದರು. ನಾರು ನಾರಾಗಿ ಒಳಗೆ ಉಳಿದಿತ್ತಂತೆ. ಎರಡು ತಿಂಗಳು ಆ ಕಾಲು ಊರುವಂತಿಲ್ಲ, ಹೆಬ್ಬೆರಳು ಮಡಚಲು ಬರುತ್ತದೋ ಇಲ್ಲವೋ ಈಗ ಹೇಳಲಾಗದು ಎಂದರು. ಅವಳು ಅಳಲಿಲ್ಲ. ನನ್ನನ್ನು ನೋಡಿ, "ಲತಮ್ಮ, ಚಾಪೆ ಯಾಕೆ ಹಾಸಿದ್ರಿ?" ಎಂದು ಕೇಳಿದಳು.

ನನ್ನನ್ನು ಏನು ಬೇಕಾದರೂ ಅನ್ನು.

ಲತಾಮಣಿ


ಭಿವಂಡಿ
30 ಜೂನ್ 2006

ಲತಾಮಣಿ,

ನಿನ್ನ ಎರಡೂ ಕಾಗದ ಒಂದೇ ದಿನ ಕೈಗೆ ಬಂದವು. ತಪ್ಪಿ ಎರಡನೆಯದನ್ನು ಮೊದಲು ಓದಿದೆ.

ಅಳಿಯನ ಮನೆಯವರು ಮಗುವನ್ನು ಕೊಡಿ ಎಂದು ಬಾಗಿಲಿಗೆ ಬಂದರು. ಅದಕ್ಕೇ ಮಾರನೆಯ ದಿನವೇ ಜೈನಬ್‌ಳನ್ನು ಕಲ್ಯಾಣ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ಸುರಕ್ಷಿತವಾದ ಜಾಗಕ್ಕೆ ಕಳಿಸಿದೆ ಎಂದುಕೊಂಡು ಆ ದಿನ ನಿದ್ದೆ ಮಾಡಿದೆ.

ಬಿದಿರಿನ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ನನ್ನ ಮನೆ ನಿನ್ನ ಮನೆ ಗೊತ್ತಿಲ್ಲ. ಕೆಂಪರಾಜಣ್ಣನ ಮೇಲೂ ಇಲ್ಲ, ಅವರು ಗೊತ್ತಿಲ್ಲದೆ ನೆಟ್ಟರು. ನಿನಗೆ ಗೊತ್ತಿತ್ತು. ಇನ್ನೂರು ಗುರುವಾರ ಸಂಜೆ ಆರು ಗಂಟೆಗೆ ನಾನು ಈ ಕೋಣೆಯಲ್ಲಿ ಕೂತು ಖಾಲಿ ಮನೆಗೆ ನಿನ್ನನ್ನು ಕಳಿಸುತ್ತಿದ್ದೆ. ಮೊನ್ನೆಯೂ ಇವರು ಕೆಮ್ಮುತ್ತಾ, "ಲತಾ ಕಿಟಕಿ ಚಿಲಕ ಹಾಕ್ತಾಳೋ ಇಲ್ವೋ" ಎಂದರು. ನಾನು ಅವರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ?

ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮನೆ ಹೋಯಿತು, ಖುರ್ಷಿದಾ ಎಂದು. ನಾನು ಎದೆ ಬಡಿದುಕೊಂಡು ಅತ್ತು, ಮಗಳನ್ನು ಬೇರೆ ಕಡೆ ಕಳಿಸುತ್ತಿದ್ದೆ.

ಜೈನಬ್ ಈಗ ನಡೆಯಲಾರಳು, ಅದಕ್ಕೆ ನಿನ್ನ ಮನೆಯಲ್ಲಿರಲಿ. ಬೇರೆ ದಾರಿಯಿಲ್ಲ. ಆದರೆ ಇನ್ನು ನೀನು ನನಗೆ ಕಾಗದ ಬರೆಯಬೇಡ. ಅವಳು ಬರೆಯಲಿ. ಅವಳು ಬರೆದದ್ದನ್ನು ನಾನು ನಂಬುತ್ತೇನೆ.

ಖುರ್ಷಿದಾ


ಹಾರೋಹಳ್ಳಿ
30 ಜುಲೈ 2006

ಅಮ್ಮಿ,

ನಾನು ಜೈನಬ್. ಕಾಲು ಪರವಾಗಿಲ್ಲ. ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತೇನೆ. ಹೆಬ್ಬೆರಳು ಮಡಚಲು ಬರುವುದಿಲ್ಲ, ಡಾಕ್ಟರು ಇನ್ನು ಬರುವುದಿಲ್ಲ ಎಂದೇ ಹೇಳಿದರು. ಫಿರೋಜಾ ನಡೆಯಲು ಕಲಿತಳು. ಅವಳು ನಡೆಯುತ್ತಾಳೆ, ನಾನು ಕೂತು ನೋಡುತ್ತೇನೆ. ಅಬ್ಬಾಗೆ ಹೇಳು.

ನೀನು ನಿಜ ಬರೆ ಎಂದೆಯಂತೆ. ಬರೆಯುತ್ತೇನೆ.

ಮನೆ ಇಲ್ಲ ಅಮ್ಮಿ. ಮೇಸ್ತ್ರಿಯನ್ನು ಕರೆಸಿ ತೋರಿಸಿದೆವು. ಗೋಡೆ ಈ ಮಳೆಗಾಲ ನಿಲ್ಲುವುದಿಲ್ಲ, ತಾನಾಗಿ ಬೀಳುವ ಮುಂಚೆ ಕೆಡವಿ ಎಂದರು. ಕೆಡವಿದರೂ ಅಲ್ಲಿ ತಕ್ಷಣ ಕಟ್ಟುವಂತಿಲ್ಲ. ಎರಡೂ ಹಿತ್ತಲನ್ನು ಎರಡಡಿ ಅಗೆದು ಬೇರೆಲ್ಲ ಹೆಕ್ಕಬೇಕು, ಒಂದು ಗೆಣ್ಣು ಉಳಿದರೂ ಮತ್ತೆ ಬರುತ್ತದೆ. ಕೆಂಪರಾಜಣ್ಣ ಪ್ರತಿ ಭಾನುವಾರ ಅಗೆಯುತ್ತಾರೆ. ಇವತ್ತೂ ಅಗೆಯುತ್ತಿದ್ದಾರೆ, ನನಗೆ ಇಲ್ಲಿಂದ ಗುದ್ದಲಿ ಸದ್ದು ಕೇಳಿಸುತ್ತಿದೆ. ಕಿತ್ತ ಬೇರನ್ನು ಬೀದಿಯವರು ಯಾರೂ ತಮ್ಮ ಕಡೆ ಹಾಕಲು ಬಿಡುವುದಿಲ್ಲ, ಅಂಗಳದಲ್ಲೇ ಒಣಗಿಸಿ ಸುಡುತ್ತಾರೆ.

ಲತಮ್ಮ ನಿನಗೆ ಹೇಳದ ಒಂದು ವಿಷಯ ನಾನು ಹೇಳುತ್ತೇನೆ. ನನ್ನನ್ನು ನೋಡಿಕೊಳ್ಳಲು ತಿಂಗಳು ರಜೆ ಹಾಕಿದ್ದರು, ಕಂಪನಿಯವರು ಅಷ್ಟು ರಜೆ ಇಲ್ಲ ಎಂದರು. ಲತಮ್ಮ ತಮ್ಮ ಕೆಲಸ ಬಿಟ್ಟು, ಆ ಜಾಗಕ್ಕೆ ನನ್ನನ್ನು ತೆಗೆದುಕೊಳ್ಳಬೇಕು ಎಂದು ಸೂಪರ್‌ವೈಸರನ್ನು ಕೇಳಿಕೊಂಡು ಬಂದಿದ್ದಾರೆ. ಕೂತು ಮಾಡುವ ಕೆಲಸ. ಸೆಪ್ಟೆಂಬರಿನಲ್ಲಿ ಬಾ ಎಂದಿದ್ದಾರೆ. ಮಗುವನ್ನು ಇವರು ನೋಡಿಕೊಳ್ಳುತ್ತಾರಂತೆ. ನನಗೆ ಇದನ್ನು ಹೇಳಿದ್ದು ಇವರಲ್ಲ, ಅಜ್ಜಿ.

ನೀನು ಅವರ ಮೇಲಿನ ಸಿಟ್ಟು ಬಿಡಲಿ ಎಂದು ಇದನ್ನು ಬರೆಯುತ್ತಿಲ್ಲ. ನನಗೇ ಸಿಟ್ಟು ಹೋಗಿಲ್ಲ. ಕಾಲು ನೋಯುವಾಗೆಲ್ಲ ಬರುತ್ತದೆ. ಅವರೇ ಎಣ್ಣೆ ಹಚ್ಚುತ್ತಾರೆ, ಹಚ್ಚುವಾಗಲೂ ಬರುತ್ತದೆ. ಮೊನ್ನೆ "ಬಿಡಿ, ನಾನೇ ಹಚ್ಕೋತೀನಿ" ಎಂದು ಕಾಲು ಎಳೆದುಕೊಂಡೆ. ಅವರು ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನಾನೇ ಕರೆದೆ, ಬಗ್ಗಲು ಆಗಲಿಲ್ಲ.

ಮಲಗಿ ಮಲಗಿ ಬೇಜಾರಾಗಿ ನೀನು ಅವರಿಗೆ ಬರೆದ ಕಾಗದಗಳನ್ನೆಲ್ಲ ಓದಿದೆ. ಒಂದೂ ಬಿಸಾಡಿಲ್ಲ. ಅವರು ನಿನಗೆ ಏನು ಬರೆದಿದ್ದರು ಎಂದು ಕೇಳಿದರೆ ಒಂದೊಂದನ್ನೂ ಮುಚ್ಚಿಡದೆ ಹೇಳಿದರು. ಅವರು ಮನೆ ಚೆನ್ನಾಗಿದೆ ಎಂದು ಬರೆಯುತ್ತಿದ್ದಾಗ ನೀನು ಜೈನಬ್ ಚೆನ್ನಾಗಿದ್ದಾಳೆ ಎಂದು ಬರೆಯುತ್ತಿದ್ದೆ. ದುಬೈ ಎಂದು ನೀನು ಬರೆದ ದಿನ ನಾನು ನಿನ್ನ ಪಕ್ಕದಲ್ಲೇ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದೆ. ಏನು ಬರೆದೆ ಎಂದು ನಾನು ಕೇಳಿದ್ದಕ್ಕೆ ನೀನು ಏನಿಲ್ಲ ಬಿಡು ಎಂದೆ. ಆವತ್ತು ನೀನು, ನನ್ನ ಮಗಳಿಗೆ ಆ ಮನೆ ಬೇಕು ಎಂದು ಬರೆದಿದ್ದರೆ ಲತಮ್ಮ ಆವತ್ತೇ ಬಾಗಿಲು ತೆಗೆಯುತ್ತಿದ್ದರು. ಆಗ ಒಳಗೆ ನಾಲ್ಕೈದು ಎದ್ದಿದ್ದವೋ ಏನೋ. ನನ್ನ ಕಾಲು ಸರಿಯಿರುತ್ತಿತ್ತು. ಇದನ್ನು ನಾನು ಯಾರ ಹತ್ತಿರ ಹೇಳಲಿ? ಅದಕ್ಕೇ ಬರೆದೆ.

ಮುಂದಿನ ತಿಂಗಳು ಹದಿನೈದರ ನಂತರ ಮನೆ ಕೆಡವುತ್ತಾರೆ. ನಾನು ಒಪ್ಪಿಗೆ ಕೊಟ್ಟಿದ್ದೇನೆ. ಅಷ್ಟರಲ್ಲಿ ನೀನು ಮತ್ತು ಅಬ್ಬಾ ಬನ್ನಿ. ಇಲ್ಲಿ ನಡುಮನೆಯಲ್ಲಿ ಜಾಗವಿದೆ. ನೀನು ಲತಮ್ಮನ ಜೊತೆ ಮಾತಾಡದಿದ್ದರೂ ಸರಿ, ಬಂದು ಮಾತಾಡದೇ ಇರು.

ಕಾಗದದ ಕೊನೆಗೆ ತಾನೂ ಒಂದು ಸಾಲು ಬರೆಯಲೇ ಎಂದು ಲತಮ್ಮ ಕೇಳಿದರು. ಬೇಡ ಎಂದೆ. ಆದರೆ ಕವರನ್ನು ಅಂಟಿಸದೆ ಅವರ ಕೈಗೆ ಕೊಟ್ಟು, ಪೋಸ್ಟ್ ಮಾಡಿ ಎನ್ನುತ್ತೇನೆ. ಓದಿ ಅಂಟಿಸುತ್ತಾರೋ, ಓದದೆ ಅಂಟಿಸುತ್ತಾರೋ ಅವರಿಗೆ ಬಿಟ್ಟದ್ದು. ನಾನು ಬರೆದಿರುವುದು ನಿಮ್ಮಿಬ್ಬರಿಗೂ.

ನಿನ್ನ ಮಗಳು
ಜೈನಬ್